ನಲ್ಲಿ ನೀರಿನ ಕಾಫಿ ಮತ್ತು ಲಲಿತಮ್ಮನ ಮನೆ

ಈ ಕಸುಬಿಗೆ ಹೊಸದಾಗಿ ಬರುವವರಿಗೆ ಉಪಯೋಗವಾಗುವ ಹಾಗೆ ನಿಮ್ಮ ಅನುಭವ ಬರೆದುಕೊಡಿ ಎಂದು ಚೆನ್ನೈಯ ಮಾಂಬಲದ ಮನೆ ಬ್ರೋಕರುಗಳಿಬ್ಬರು ಮೊನ್ನೆ ನನ್ನಲ್ಲಿಗೆ ಬಂದಿದ್ದರು. ನನಗೆ ಸಂತೋಷವಾಯಿತು. ನನ್ನ ಹೆಂಡತಿ ಶಾರದೆ ಅವರಿಗೆ ಕಾಫಿ ಕೊಟ್ಟಳು. ಎದ್ದು ಹೊರಡುವಾಗ ಒಬ್ಬ ಬಾಯಿತಪ್ಪಿ ಹೇಳಿಬಿಟ್ಟ, "ಮೊದಲು ಲಲಿತಮ್ಮನವರನ್ನು ಕೇಳಿದೆವು ಸಾರ್. ಅವರಿಗೆ ಪುರುಸೊತ್ತಿಲ್ಲವಂತೆ. ಐತಾಳರನ್ನು ಕೇಳಿ ಅಂದರು."

ಕುಡಿದ ಕಾಫಿ ಅಲ್ಲೇ ಕಹಿಯಾಯಿತು. ಬರೆಯುವುದಿಲ್ಲ ಎಂದು ಹೇಳಿ ಕಳಿಸಿಬಿಡೋಣ ಅನ್ನಿಸಿತು. ಆಮೇಲೆ ಯೋಚಿಸಿದೆ. ನಾನು ಬರೆಯದಿದ್ದರೆ ನಾಳೆ ಲಲಿತಮ್ಮನಿಗೆ ಪುರುಸೊತ್ತಾಗಿ ಅವರೇ ಬರೆದಾರು, ಅದನ್ನು ನಾನು ಓದಬೇಕಾದೀತು. ಅದಕ್ಕಿಂತ ಇದೇ ವಾಸಿ. ಅವರ ಹೆಸರೆತ್ತದೆ ಬರೆಯಬೇಕು ಎಂದು ಗಟ್ಟಿ ಮಾಡಿಕೊಂಡೇ ಕೂತೆ. ನೋಡಿ, ಆಗಲೇ ಎಷ್ಟು ಸಲ ಬಂದುಹೋದರು.

ನಮ್ಮದು ಕುಂದಾಪುರದ ಕಡೆ. ಅಪ್ಪ ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು. ನಾನು ಅದೇ ಹೋಟೆಲಿನ ಗಲ್ಲಾದಲ್ಲಿ ಕೂತವನು. ಗಲ್ಲಾದಲ್ಲಿ ಕೂತವನ ಕಿವಿಗೆ ಊರಿನ ಸುದ್ದಿಯೆಲ್ಲ ತಾನಾಗಿಯೇ ಬಂದು ಬೀಳುತ್ತದೆ. ಯಾರ ಮಹಡಿ ಖಾಲಿ ಇದೆ, ಯಾವ ಅಣ್ಣತಮ್ಮಂದಿರಿಗೆ ಆಗಿಬರುವುದಿಲ್ಲ, ಯಾರು ಮಗಳ ಮದುವೆಗೆ ಮನೆ ಮಾರುವ ಯೋಚನೆಯಲ್ಲಿದ್ದಾರೆ ಎಲ್ಲ ಇಡ್ಲಿ ತಿಂದು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದರು. ಇನ್ನೊಬ್ಬರು ಬಂದು "ಸಾರ್, ಇಲ್ಲೆಲ್ಲಾದರೂ ಮನೆ ಉಂಟಾ?" ಎಂದರೆ ಆ ಕಿವಿಯಲ್ಲಿ ಕೇಳಿದ್ದನ್ನು ಈ ಕಿವಿಗೆ ದಾಟಿಸುತ್ತಿದ್ದೆ. ಹೀಗೆ ಗಲ್ಲಾ ಬಿಟ್ಟು ಬ್ರೋಕರ್ ಆದೆ.

ಕೆಲಸ ಕಲಿಸಿದವರು ನಾಯ್ಡು. ಟಿ. ನಗರದ ಹಳೆಯ ಬ್ರೋಕರು, ಬಿಳಿ ಅಂಗಿ, ಬಿಳಿ ಪಂಚೆ, ಬಾಯಿ ತುಂಬ ಎಲೆಯಡಿಕೆ. ಅವರ ಮೊದಲ ಪಾಠ ಸಮುದ್ರದ್ದು. "ಸುಬ್ರಾಯ, ಮಧ್ಯಾಹ್ನ ಕಳೆದು ಕಡಲ ಗಾಳಿ ಏಳುತ್ತದಲ್ಲ, ಆಗ ಗಿರಾಕಿಯನ್ನು ಕರೆದುಕೊಂಡು ಹೋಗು. ಕಿಟಕಿ ತೆಗೆದು ಸುಮ್ಮನೆ ನಿಂತುಕೋ. ಮಾತಾಡುವ ಕೆಲಸ ಗಾಳಿ ಮಾಡುತ್ತದೆ," ಎನ್ನುತ್ತಿದ್ದರು. ಮನೆ ಕೊಳ್ಳುವವರಿಗೆ ನಾನು ಹೇಳುವುದು ಇದರ ತಿರುಗಾಮುರುಗಾ. ಬ್ರೋಕರ್ ಸಂಜೆ ಬನ್ನಿ ಎಂದರೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಗಾಳಿ ಸತ್ತಿರುತ್ತದೆ, ತಾರಸಿ ಕಾದಿರುತ್ತದೆ, ಆಗ ಮನೆಯ ನಿಜವಾದ ಗುಣ ಗೊತ್ತಾಗುತ್ತದೆ.

ಅವರ ಇನ್ನೊಂದು ಪಾಠವನ್ನೂ ಹೇಳಿಬಿಡುತ್ತೇನೆ. ಮನೆ ನೋಡಿದ ಗಿರಾಕಿ ಕೊನೆಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ: "ನೀವಾಗಿದ್ದರೆ ಈ ಮನೆ ತಗೊಳ್ತಿದ್ರಾ?" ಅದಕ್ಕೆ ಉತ್ತರ ಒಂದೇ: "ದುಡ್ಡಿದ್ದಿದ್ರೆ ನಾನೇ ತಗೊಳ್ತಿದ್ದೆ." ನಾಯ್ಡು ಇದನ್ನು ನನ್ನಿಂದ ಬಾಯಿಪಾಠ ಮಾಡಿಸಿದರು. "ನಗುತ್ತಾ ಹೇಳಬೇಕು. ಮುಖ ಬಿಗಿದುಕೊಂಡು ಹೇಳಿದರೆ ಅವನಿಗೆ ಅನುಮಾನ ಬರುತ್ತದೆ," ಎಂದು ತಾವೇ ನಕ್ಕು ತೋರಿಸಿದರು. ಸೋರುವ ಮನೆಗೂ ಹೇಳಿದ್ದೇನೆ, ಬಿಸಿಲು ಕಾಣದ ಮನೆಗೂ ಹೇಳಿದ್ದೇನೆ. ಈ ಊರಿನಲ್ಲಿ ಆ ಮಾತು ಹೇಳದ ಬ್ರೋಕರನ್ನು ನಾನು ಕಂಡಿಲ್ಲ. ಕೊಳ್ಳುವವರು ಅದನ್ನು ನಮಸ್ಕಾರದ ಹಾಗೆ ತೆಗೆದುಕೊಳ್ಳಬೇಕು, ಅಷ್ಟೇ.

ನಾನು ಮಾತ್ರ ಇವತ್ತಿಗೂ ಬಾಡಿಗೆ ಮನೆಯಲ್ಲಿದ್ದೇನೆ. ಬೆಲೆ ಇಳಿಯುತ್ತದೆ, ಇಳಿದಾಗ ನೋಡೋಣ ಎಂದು ಗಿರಾಕಿಗಳಿಗೆ ಎಂದೂ ಹೇಳದ ಮಾತನ್ನು ಹೆಂಡತಿಗೆ ಹೇಳುತ್ತಾ ಬಂದೆ. ಬೆಲೆ ಇಳಿಯಲಿಲ್ಲ. ಮನೆ ಕೊಡಿಸಿದವರೆಲ್ಲ ಗೃಹಪ್ರವೇಶಕ್ಕೆ ಕರೆಯುತ್ತಿದ್ದರು. ಬ್ರೋಕರಿಗೆ ಅಲ್ಲಿ ಜಾಗವೆಲ್ಲಿ? ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ. ಒಳಗೆ ಒಲೆಯ ಮೇಲೆ ಹಾಲು ಉಕ್ಕುವುದು ನಮಗೆ ಕಾಣುವುದಿಲ್ಲ, ಹೆಂಗಸರು ಸಂತೋಷಪಡುವುದು ಕೇಳಿಸುತ್ತದೆ. ಪಾಯಸ ಕುಡಿದು ಬರುತ್ತಿದ್ದೆ. ಬರುವಾಗ ಹೊಟ್ಟೆಯಲ್ಲಿ ಪಾಯಸ ಒಂದೇ ಇರುತ್ತಿರಲಿಲ್ಲ.

ಇನ್ನು ಲಲಿತಮ್ಮ. ಮೈಸೂರಿನ ಕಡೆಯವರು. ಗಂಡ ಇಲ್ಲಿ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು, ಸರ್ವಿಸಿನಲ್ಲಿರುವಾಗಲೇ ಹೋಗಿಬಿಟ್ಟರು. ಕ್ವಾರ್ಟರ್ಸ್ ಬಿಡಬೇಕಾಗಿ ಬಂದು ಈಯಮ್ಮ ಪಶ್ಚಿಮ ಮಾಂಬಲದಲ್ಲಿ ಬಾಡಿಗೆ ಮನೆ ಹುಡುಕುತ್ತಾ ಅಲೆದರು. ಹುಡುಕುವಾಗ ಕಂಡ ಬೇರೆ ಮನೆಗಳನ್ನು ಬೇರೆಯವರಿಗೆ ಹೇಳಿದರು. ಹೀಗೆ ಅವರೂ ಬ್ರೋಕರ್. ಮೊದಲ ವರ್ಷ ನಾವೆಲ್ಲ ಸೇರಿ ನಗುತ್ತಿದ್ದೆವು. ಯಾಕೆಂದರೆ ಅವರು ಗಿರಾಕಿಗೆ ಮನೆಯ ತಪ್ಪನ್ನು ಮೊದಲು ತೋರಿಸುತ್ತಿದ್ದರು.

ಅದನ್ನು ತೋರಿಸುವ ಕ್ರಮವೂ ಬೇರೆ. ಅವರ ಬುಟ್ಟಿಯಲ್ಲಿ ಒಂದು ಸಣ್ಣ ಬಾಟಲಿ ಡಿಕಾಕ್ಷನ್, ಒಂದಿಷ್ಟು ಸಕ್ಕರೆ, ಎರಡು ಲೋಟ, ಒಂದು ಸಣ್ಣ ಪಾತ್ರೆ. ಮನೆಗೆ ಹೋದವರೇ ನೇರ ಅಡುಗೆಮನೆಗೆ ನುಗ್ಗಿ, ಆ ಮನೆಯ ನಲ್ಲಿ ನೀರನ್ನೇ ಕಾಯಿಸಿ, ಡಿಕಾಕ್ಷನ್‌ಗೆ ಬೆರೆಸಿ ಗಿರಾಕಿಯ ಕೈಗೆ ಕೊಡುವುದು. "ಕುಡೀರಿ. ಉಪ್ಪಾಗಿದೆಯಾ? ಇದು ಬೋರ್ ನೀರು. ಈ ಮನೇಲಿ ಕಾಫಿ ಹೀಗೇ ಇರೋದು. ಕುಡಿಯೋಕೆ ಕ್ಯಾನ್ ನೀರು ತರಿಸ್ಕೋಬೇಕು. ಅದಕ್ಕೆ ಒಪ್ಪಿಗೆ ಇದ್ರೆ ಮಿಕ್ಕ ರೂಮು ತೋರಿಸ್ತೀನಿ." ಇದು ಅವರ ವ್ಯಾಪಾರ.

ಈ ಊರಿನವರಿಗೆ ನೀರು ಎಂದರೆ ಏನು, ಕಾಫಿ ಎಂದರೆ ಏನು ಎಂದು ಬಲ್ಲವರಿಗೆ ಮುಂದಿನದು ಹೇಳಬೇಕಾಗಿಲ್ಲ. ಕಾಫಿ ಕುಡಿದವರು ಮುಖ ಹುಳ್ಳಗೆ ಮಾಡಿಕೊಂಡು ಎದ್ದುಹೋಗುತ್ತಿದ್ದರು. ಒಂದು ವಾರ ಬಿಟ್ಟು ಅವರ ಹತ್ತಿರವೇ ತಿರುಗಿ ಬರುತ್ತಿದ್ದರು. "ಆ ಮನೆ ಬೇಡ, ನೀವು ಬೇರೆ ತೋರಿಸಿ. ನೀವೇ ತೋರಿಸಿ." ಕೆಲವರು ಉಪ್ಪು ನೀರಿನ ಆ ಮನೆಯನ್ನೇ ಕೊಂಡರು. ಗೊತ್ತಿರುವ ತಪ್ಪಿನ ಜೊತೆ ಬದುಕಬಹುದು ಎಂದು ಧೈರ್ಯ ಬಂದಿತ್ತು.

ನನಗೆ ಮೈಯೆಲ್ಲ ಉರಿ. ಹೋಟೆಲಿನಲ್ಲಿ ಹುಟ್ಟಿ ಬೆಳೆದವನು ನಾನು. ಡಿಕಾಕ್ಷನ್ ವಾಸನೆಯಲ್ಲೇ ಅಕ್ಷರ ಕಲಿತವನು. ಕಾಫಿಯಿಂದ ಮನೆ ಮಾರಬಹುದು ಎಂಬ ಉಪಾಯ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ರೈಲ್ವೆ ಗುಮಾಸ್ತರ ಹೆಂಡತಿಗೆ. ಸಾಲದ್ದಕ್ಕೆ ನಾಯ್ಡು, ನನ್ನ ಗುರು, ಒಂದು ದಿನ ಎಲೆಯಡಿಕೆ ಉಗಿದು ಬಂದು "ಆ ಹೆಂಗಸನ್ನು ನೋಡಿ ಕಲಿ, ಸುಬ್ರಾಯ," ಎಂದರು. ಅಷ್ಟು ಹೇಳಿ ತಮ್ಮ ಕೈಯಲ್ಲಿದ್ದ ಒಳ್ಳೊಳ್ಳೆಯ ಮನೆಗಳನ್ನೆಲ್ಲ ಅವರಿಗೆ ದಾಟಿಸತೊಡಗಿದರು.

ಕಲಿಯಲಿಕ್ಕೆ ಹೋಗಿ ಏನಾಯಿತು ಎಂಬುದನ್ನೂ ಹೇಳುತ್ತೇನೆ, ಹೊಸಬರು ಎಚ್ಚರದಲ್ಲಿರಲಿ. ನಂಗನಲ್ಲೂರಿನಲ್ಲಿ ಒಬ್ಬ ಮಾಮಿಯ ಮನೆ ಮಾರಾಟಕ್ಕಿತ್ತು. ಗಿರಾಕಿಯನ್ನು ಕರೆದುಕೊಂಡು ಹೋದೆ. ಲಲಿತಮ್ಮ ಕರಿ ಕಾಫಿ ಕೊಟ್ಟರೆ ನಾನು ಹಾಲು ಹಾಕಿಯೇ ಕೊಡುತ್ತೇನೆ, ಹೋಟೆಲಿನವನ ಕೈರುಚಿ ನೋಡಲಿ ಎಂದು ಜಂಬ. ಹಾಲಿನ ಪ್ಯಾಕೆಟ್ ಒಡೆದು ಪಾತ್ರೆಗೆ ಸುರಿದು, ನಲ್ಲಿ ನೀರು ಬೆರೆಸಿ ಒಲೆಯ ಮೇಲಿಟ್ಟೆ. ಆ ನೀರಿನಲ್ಲಿ ಎಂತ ಉಪ್ಪಿತ್ತೋ. ಎಲ್ಲರೂ ನೋಡುತ್ತಿದ್ದ ಹಾಗೆ ಹಾಲು ಒಡೆದುಹೋಯಿತು.

ಮನೆಯ ಒಲೆಯ ಮೇಲೆ ಹಾಲು ಉಕ್ಕಿದರೆ ಶುಭ ಎನ್ನುವ ಊರು ಇದು. ಗೃಹಪ್ರವೇಶ ಎಂದರೇ ಅದು. ಅಲ್ಲಿ ಮನೆ ನೋಡಲು ಬಂದವರ ಎದುರಿಗೇ ಹಾಲು ಒಡೆದರೆ? ಗಿರಾಕಿಯ ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡು ಚಪ್ಪಲಿ ಮೆಟ್ಟಿಕೊಂಡಳು. ಮಾಮಿ ನನ್ನ ಕಡೆ ತಿರುಗಿ, "ನನ್ನ ಮನೆಗೆ ಬಂದು ಹಾಲು ಒಡೆಸಿದೆಯಲ್ಲಪ್ಪಾ, ನೀನು ಯಾರ ಕಡೆಯವನು?" ಎಂದು ತಮಿಳಿನಲ್ಲಿ ಶುರು ಮಾಡಿದವರು ಬೀದಿಯ ಕೊನೆಯವರೆಗೂ ನಿಲ್ಲಿಸಲಿಲ್ಲ. ಆ ಮನೆಯನ್ನು ಆಮೇಲೆ ಯಾರು ಮಾರಿಸಿದರು ಎಂದು ನಾನು ಬರೆಯುವುದಿಲ್ಲ. ನಿಮಗೆ ಗೊತ್ತು. ಗೃಹಪ್ರವೇಶದಲ್ಲಿ ಅವರನ್ನು ಒಲೆಯ ಹತ್ತಿರವೇ ಕೂರಿಸಿದ್ದರಂತೆ.

ಸೌಕಾರ್‌ಪೇಟೆಯಲ್ಲಿ ಇನ್ನೊಂದು. ಬಟ್ಟೆ ವ್ಯಾಪಾರಿಯೊಬ್ಬರಿಗೆ ಅವರ ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಎರಡನೇ ಮಹಡಿಯ ಮನೆ ಕೊಡಿಸಲು ನಾನು ಬಹಳ ಓಡಾಡಿದ್ದೆ. ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟು ಟೋಕನ್ ಮುಂಗಡ ಕೊಟ್ಟಾಯಿತು. ಆಮೇಲೆ ಅವರ ತಾಯಿ ಮೆಟ್ಟಿಲು ನೋಡಿ ಕೇಳಿದರು, "ನನ್ನ ಬೀರು ಇದರಲ್ಲಿ ಹೇಗೆ ಹತ್ತುತ್ತದೆ?" ಮದುವೆಯಲ್ಲಿ ತವರಿನವರು ಕೊಟ್ಟ ಉಕ್ಕಿನ ಬೀರು. ಕೂಲಿಯವರು ಅಡ್ಡ ಹಿಡಿದು ನೋಡಿದರು, ನೆಟ್ಟಗೆ ಹಿಡಿದು ನೋಡಿದರು. ಮೆಟ್ಟಿಲಿನ ತಿರುವಿನಲ್ಲಿ ಗೋಡೆಯ ಸುಣ್ಣ ಉದುರಿತೇ ಹೊರತು ಬೀರು ತಿರುಗಲಿಲ್ಲ. ಮುದುಕಿ ಬೀರು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದರು, ವ್ಯಾಪಾರ ಮುರಿಯಿತು. ಹಳೆಯ ಪೇಟೆಯಲ್ಲಿ ಮನೆ ಕೊಳ್ಳುವವರು ಕೋಣೆಗಿಂತ ಮೊದಲು ಮೆಟ್ಟಿಲು ಅಳೆಯಿರಿ. ಲಲಿತಮ್ಮನ ಬುಟ್ಟಿಯಲ್ಲಿ ಆಗಲೇ ಒಂದು ಟೇಪು ಇರುತ್ತಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು.

ಕಾಲ ಬದಲಾಯಿತು. ಪೆರುಂಗುಡಿ ಕಡೆ ಕಂಪನಿಗಳು ಎದ್ದವು. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಮನೆ ನೋಡಲು ಬರಲಿಕ್ಕೂ ಅವರಿಗೆ ಬಿಡುವಿಲ್ಲ. ವಿಡಿಯೋ ಕಳಿಸಿ ಎನ್ನುತ್ತಾರೆ. ನಾನು ಮೊಬೈಲ್ ಹಿಡಿದರೆ ನನ್ನ ಹೆಬ್ಬೆರಳೇ ಹೆಚ್ಚು ಕಾಣುತ್ತಿತ್ತು. ನನ್ನ ಮಗಳು ನೋಡಿ, "ಅಪ್ಪಾ, ಇದು ವೀಡಾ ವೆರಲಾ?" ಎಂದಳು. ಮನೆಯೋ ಬೆರಳೋ ಎಂದು ಅರ್ಥ. ಚೆನ್ನೈಯಲ್ಲಿ ಓದಿದ ಮಕ್ಕಳು ಅಪ್ಪನನ್ನು ತಮಿಳಿನಲ್ಲೇ ಕೀಟಲೆ ಮಾಡುವುದು. ಲಲಿತಮ್ಮ ಅದನ್ನೂ ಕಲಿತರು. ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸುವುದು, ಕಿಟಕಿ ತೆಗೆದು ಬೀದಿಯ ಗಲಾಟೆ ಕೇಳಿಸುವುದು, ಗೋಡೆಗೆ ಕೈ ಒತ್ತಿ ತೇವ ತೋರಿಸುವುದು. ಹೊಸ ಹುಡುಗರು ಅವರ ವಿಡಿಯೋ ಹಂಚಿಕೊಂಡು ನೋಡುತ್ತಿದ್ದರು. ನಾನು ಅಲ್ಲಿಗೆ ಕೆಲಸ ಬಿಟ್ಟೆ. ಕೇಳಿದವರಿಗೆ ಮಂಡಿನೋವು ಎಂದೆ.

ಬಿಟ್ಟು ಸ್ವಲ್ಪ ಕಾಲವಾಗಿತ್ತು. ಒಂದು ಬೆಳಿಗ್ಗೆ ಲಲಿತಮ್ಮ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬುಟ್ಟಿ ಇರಲಿಲ್ಲ. ಮುಖ ಬಾಡಿತ್ತು. ಶಾರದೆ ಕೂರಿಸಿದಳು.

"ಐತಾಳ್ರೇ, ನಾನಿರೋ ಬಿಲ್ಡಿಂಗ್ ಕೆಡವ್ತಾರಂತೆ. ಬಿಡೋದಕ್ಕೆ ಹೇಳಿದಾರೆ," ಎಂದರು. "ಇನ್ನು ಈ ವಯಸ್ಸಲ್ಲಿ ಬಾಡಿಗೆಗೆ ಅಂತ ಬಾಗಿಲು ಬಾಗಿಲು ತಟ್ಟೋಕಾಗಲ್ಲ. ನಮ್ಮೆಜಮಾನರ ದುಡ್ಡು, ನಂದು ಎಲ್ಲ ಸೇರಿಸಿ ಒಂದು ಮನೆ ನೋಡಿದೀನಿ. ಮಾಂಬಲದಲ್ಲೇ, ಮೊದಲನೇ ಮಹಡಿ. ಇದು ಒಂದೇ ಸಲ ಆಗೋ ಕೆಲಸ. ತಪ್ಪಿದ್ರೆ ನಾನು ಬೀದಿಗೆ ಬಂದ ಹಾಗೇನೇ."

"ಒಳ್ಳೇದಾಯ್ತು ಮಾರಾಯ್ರೆ," ಎಂದೆ. ಒಳಗೆ ಏನೋ ಕುಟುಕಿತು. ಇವರಿಗೂ ಮನೆಯಾಯಿತು.

"ನೀವು ಬಂದು ನೋಡ್ಬೇಕು."

"ನಾನಾ? ನೀವು ನೋಡಿದ ಮೇಲೆ ನಾನು ನೋಡ್ಲಿಕ್ಕೆ ಎಂತ ಉಂಟು?"

"ನನಗೆ ಆ ಮನೆ ಇಷ್ಟ ಆಗ್ಬಿಟ್ಟಿದೆ. ಅದೇ ಕಷ್ಟ. ಇಷ್ಟ ಆದ್ಮೇಲೆ ಯಾವ ತಪ್ಪೂ ಕಣ್ಣಿಗೆ ಬೀಳಲ್ಲ. ತಮ್ಮಂಗೆ ತೋರಿಸ್ದೆ, ಅಕ್ಕಾ ಚೆನ್ನಾಗಿದೆ ಅಂದ. ಪಕ್ಕದ್ಮನೆಯವ್ರಿಗೆ ತೋರಿಸ್ದೆ, ಅವ್ರೂ ಹಾಗೇ ಅಂದ್ರು. ಎಲ್ಲಾ ನನಗೆ ಒಳ್ಳೇದಾಗ್ಲಿ ಅನ್ನೋರೇ. ಅವ್ರಿಗೇನು ಕಾಣುತ್ತೆ?" ಲಲಿತಮ್ಮ ಸೆರಗು ಸರಿಮಾಡಿಕೊಂಡರು. "ಬೇಜಾರು ಮಾಡ್ಕೋಬೇಡಿ. ನಿಮಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು. ಆ ಮನೇಲಿ ಏನಾದ್ರೂ ತಪ್ಪಿದ್ರೆ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತೆ."

"ಯಾರು ಹೇಳಿದ್ದು ನಿಮಗೆ, ಹೊಟ್ಟೆಕಿಚ್ಚು ಅಂತ?" ಎಂದೆ.

"ಅದೆಂತ ಕೇಳುದು," ಎಂದಳು ಶಾರದೆ, ಅಡುಗೆಮನೆಯಿಂದ. "ಇಡೀ ಮಾಂಬಲಕ್ಕೆ ಗೊತ್ತುಂಟು."

ನೋಡುತ್ತೇನೆ ಎಂದೆ. ಯಾಕೆ ಒಪ್ಪಿದೆ ಎಂದು ಮುಚ್ಚಿಡುವುದಿಲ್ಲ. ತಪ್ಪು ಹುಡುಕಿ, ಅವರ ಮುಂದೆ ಇಟ್ಟು, ಅವರ ಮುಖ ಸಣ್ಣದಾಗುವುದನ್ನು ನೋಡಬೇಕು ಎಂಬ ಆಸೆ. ಅಷ್ಟು ವರ್ಷ ಮನೆಗಳ ತಪ್ಪು ಹೇಳಿ ದೊಡ್ಡವರಾದ ಹೆಂಗಸು ತಮ್ಮದೇ ಮನೆಯ ತಪ್ಪನ್ನು ನನ್ನ ಬಾಯಿಂದ ಕೇಳಲಿ. ಅಷ್ಟು ಉತ್ಸಾಹದಿಂದ ನಾನು ಯಾವ ಗಿರಾಕಿಗೂ ಮನೆ ನೋಡಿದವನಲ್ಲ. ಈಗ ಹೇಳುವುದನ್ನು ಹೊಸಬರು ಸರಿಯಾಗಿ ಓದಿಕೊಳ್ಳಿ, ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಅಲ್ಲಿ ಖರ್ಚು ಮಾಡಿದ್ದೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಹೋದೆ, ಗಾಳಿ ಏಳುವ ಮೊದಲು. ಮನೆ ಬೇಯುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಗೆ ಬೇವಿನ ಮರ, ಬಿಸಿಲನ್ನು ಅದೇ ತಡೆಯುತ್ತಿತ್ತು. ಬೀದಿ ನೇರ ಬಂದು ಬಾಗಿಲಿಗೆ ಗುದ್ದುತ್ತದೆಯೋ ನೋಡಿದೆ. ಅಂಥ ಮನೆಯನ್ನು ಇಲ್ಲಿಯವರು ತೆರುಕುತ್ತು ಎಂದು ಮುಟ್ಟುವುದಿಲ್ಲ. ಬೀದಿ ಪಕ್ಕದಲ್ಲಿ ಹಾದುಹೋಗಿತ್ತು. ಹಿಂದೊಮ್ಮೆ ಊರೇ ಮುಳುಗಿದ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕಾಂಪೌಂಡಿನಲ್ಲಿ ಗುರುತು ಹುಡುಕಿದೆ. ಬಣ್ಣ ಹೊಸದಾಗಿ ಬಳಿದಿದ್ದರೆ ಅನುಮಾನಪಡಬೇಕು, ಇಲ್ಲಿ ಬಳಿದಿರಲಿಲ್ಲ. ಎದುರುಮನೆಯಾಕೆಯನ್ನು ಕೇಳಿದೆ. "ಗೇಟಿನ ತನಕ ಬಂತು, ಒಳಗೆ ಬರಲಿಲ್ಲ," ಎಂದರು. ಅವರ ಮಾತು ನಂಬದೆ ಬೀದಿಯ ಇಸ್ತ್ರಿಯವನನ್ನೂ ಕೇಳಿದೆ. ಅವನೂ ಗೇಟನ್ನೇ ತೋರಿಸಿದ.

ತಾರಸಿ ಹತ್ತಿದೆ. ಬಿರುಕು ಇರಲಿಲ್ಲ. ಫ್ಲಾಟಿನವರ ಅಸೋಸಿಯೇಷನ್‌ನಲ್ಲಿ ಜಗಳ ಇದೆಯೇ ಎಂದು ಕೇಳಿದೆ. ಇತ್ತು, ಕಾರು ನಿಲ್ಲಿಸುವ ವಿಚಾರಕ್ಕೆ. ನನಗೆ ಜೀವ ಬಂತು. ಲಲಿತಮ್ಮನಿಗೆ ಕಾರಿಲ್ಲ ಎಂದು ನೆನಪಾಗಿ ಜೀವ ಹೋಯಿತು. ಕಾಗದಪತ್ರಗಳನ್ನು ನನ್ನ ಪರಿಚಯದ ವಕೀಲರ ಹತ್ತಿರ ಒಯ್ದೆ. ಇಂಥಲ್ಲಿ ಗೋಡೆಗಿಂತ ಮುಖ್ಯವಾದದ್ದು ನೆಲದಲ್ಲಿ ನಮಗೆ ಬರುವ ಪಾಲು, ಎಲ್ಲರೂ ಯು.ಡಿ.ಎಸ್. ಎನ್ನುವುದು ಅದನ್ನೇ. ಮುಂದೆ ಕಟ್ಟಡ ಕೆಡವಿದರೆ ಕೈಯಲ್ಲಿ ಉಳಿಯುವುದು ಅದು ಮಾತ್ರ. ಪಾಲು ಸರಿ ಇತ್ತು, ಮೂಲಪತ್ರ ಇತ್ತು, ಸಾಲದ ತಕರಾರು ಇರಲಿಲ್ಲ. "ಯಾರಿಗೆ ಇದು? ಅದೃಷ್ಟವಂತರು," ಎಂದರು ವಕೀಲರು. ನಾನು ಫೀಸು ಕೊಟ್ಟು ಎದ್ದು ಬಂದೆ.

ಯಾಕೆ ಮಾರುತ್ತಾರೆ ಎಂದು ಕೇಳುವುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮಾಲೀಕರು ಬ್ಯಾಂಕಿನವರು, ಮದುರೆಗೆ ವರ್ಗವಾಗಿ ಅಲ್ಲೇ ಮನೆ ಕಟ್ಟಿಕೊಂಡವರು. ಅಲ್ಲಿಯೂ ನನಗೆ ಏನೂ ಸಿಕ್ಕಲಿಲ್ಲ.

ಸಿಕ್ಕಿದ್ದು ಒಂದೇ. ಬಚ್ಚಲುಮನೆಯ ಬಾಗಿಲು ಬಿಗಿ, ಹೆಗಲು ಕೊಟ್ಟು ತಳ್ಳಬೇಕು. ಆ ಬಾಗಿಲನ್ನು ನಾನು ಎಷ್ಟೋ ಸಲ ಹಾಕಿ ತೆಗೆದು ಮಾಡಿದೆ. ಆಮೇಲೆ ಹಾಲ್‌ನಲ್ಲಿ, ಖಾಲಿ ಮನೆಯ ನಡುವೆ, ಸುಮ್ಮನೆ ನಿಂತುಬಿಟ್ಟೆ. ಇಲ್ಲಿ ಶಾರದೆಯ ದೇವರ ಮಂಟಪ ಇಡಬಹುದು, ಇಲ್ಲಿ ನನ್ನ ಕುರ್ಚಿ ಎಂದು ಕಣ್ಣು ತಾನಾಗಿಯೇ ಅಳೆಯತೊಡಗಿತು. ನಾನು ಆಯುಷ್ಯವೆಲ್ಲ ಹುಡುಕಿದ್ದು ಇಂಥ ಮನೆಯನ್ನು. ಎಷ್ಟೋ ಜನರಿಗೆ ಮನೆ ತೋರಿಸುವಾಗ, ಇದು ನನ್ನದಲ್ಲ, ನನ್ನದು ಬೇರೆ ಎಲ್ಲೋ ಇದೆ ಎಂದುಕೊಳ್ಳುತ್ತಿದ್ದೆನಲ್ಲ, ಅದು ಇದು. ಕೊಳ್ಳುವ ಶಕ್ತಿ ನನಗಿಲ್ಲ ಎಂದು ಗೊತ್ತಿತ್ತು. ಆದರೆ ಅವರಿಗೆ ಸಿಗದ ಹಾಗೆ ಮಾಡುವ ಶಕ್ತಿ ಇತ್ತು. "ಯಾಕೋ ಮನಸ್ಸಿಗೆ ಸರಿ ಬರುವುದಿಲ್ಲ ಲಲಿತಮ್ಮ" ಎಂದರೆ ಸಾಕು, ನನ್ನ ಕಣ್ಣನ್ನು ನಂಬಿದವರು, ಬಿಟ್ಟುಬಿಡುತ್ತಾರೆ. ಕಾರಣ ಕೂಡ ಕೇಳುವುದಿಲ್ಲ. ನನಗಿಲ್ಲದ್ದು ಅವರಿಗೂ ಬೇಡ. ಮನೆಗೆ ಹೋಗುವ ಬಸ್ಸಿನಲ್ಲಿ ಆ ಮಾತನ್ನು ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ.

ಮರುದಿನ ಅವರನ್ನು ಅದೇ ಮನೆಗೆ ಬರಹೇಳಿದ್ದೆ. ಈ ಸಲ ಬುಟ್ಟಿ ತಂದಿದ್ದರು, ಒಂದು ಸಣ್ಣ ಗ್ಯಾಸ್ ಒಲೆಯನ್ನೂ ತಂದಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಎಲ್ಲ ಇಟ್ಟು ಹಿಂದೆ ಸರಿದು ನಿಂತರು.

"ನೀವೇ ಮಾಡಿ ಐತಾಳ್ರೇ. ನಾನು ಮಾಡಿದ್ರೆ ಉಪ್ಪಿದ್ರೂ ನನಗೆ ಗೊತ್ತಾಗಲ್ಲ."

"ಹಾಲು ತಂದಿದ್ದೀರಾ?"

"ತಂದಿದೀನಿ."

ನಂಗನಲ್ಲೂರಿನ ಕಥೆ ಅವರಿಗೂ ಗೊತ್ತು. ನಾನು ಅವರ ಮುಖ ನೋಡಲಿಲ್ಲ. ನಲ್ಲಿ ತಿರುಗಿಸಿ ಪಾತ್ರೆ ಹಿಡಿದೆ. ಹಾಲಿಗೆ ಆ ನೀರನ್ನೇ ಬೆರೆಸಿ ಒಲೆಯ ಮೇಲಿಟ್ಟೆ. ಒಡೆಯಲಿ ಎಂದು ಕಾದೆ. ದೇವರಾಣೆಯಾಗಿ ಒಡೆಯಲಿ ಎಂದೇ ಕಾದೆ. ಒಡೆದಿದ್ದರೆ ನಾನು ಸುಳ್ಳು ಹೇಳುವ ಕೆಲಸವೂ ಇರುತ್ತಿರಲಿಲ್ಲ. ಹಾಲು ಅಂಚಿನಿಂದ ನೊರೆ ಕಟ್ಟಿ, ಮೆಲ್ಲಗೆ ಮೇಲೆದ್ದು, ಉಕ್ಕಿತು. ಲಲಿತಮ್ಮ ಕೈ ಮುಗಿದರು. ನಾನು ಒಲೆ ಆರಿಸಿ ಕಾಫಿ ಬೆರೆಸಿದೆ.

ಹೋಟೆಲಿನವನಾಗಿ ಹೇಳುತ್ತೇನೆ, ಅಂಥ ಕಾಫಿ ನಾನು ಬಹಳ ದಿನದಿಂದ ಕುಡಿದಿರಲಿಲ್ಲ. ಹಿಂದೆ ಅಪ್ಪ ಹೋಟೆಲಿಗೆ ಬಾವಿ ನೀರು ತರಿಸುತ್ತಿದ್ದ ಕಾಲದ ರುಚಿ. ಲೋಟ ತಳ ಕಾಣುವವರೆಗೆ ಕುಡಿದಿದ್ದೇನೆ ಎಂದು ತಿಳಿದದ್ದು ಲೋಟ ಖಾಲಿಯಾದ ಮೇಲೆ. ಕಿಟಕಿಯಲ್ಲಿ ಬೇವಿನ ಎಲೆ ಅಲ್ಲಾಡುತ್ತಿತ್ತು.

"ಹೇಳಿ," ಎಂದರು ಲಲಿತಮ್ಮ. "ಏನು ಸಿಕ್ಕಿತು?"

"ಬಚ್ಚಲ ಬಾಗಿಲು ಬಿಗಿ."

"ಅದು ನಾನೂ ನೋಡಿದೆ. ಇನ್ನೇನು?"

ಬಸ್ಸಿನಲ್ಲಿ ಹೇಳಿ ನೋಡಿಕೊಂಡ ಮಾತು ನಾಲಿಗೆಯ ಮೇಲೆಯೇ ಇತ್ತು.

"ಐತಾಳ್ರೇ, ನೀವಾಗಿದ್ರೆ ಈ ಮನೆ ತಗೊಳ್ತಿದ್ರಾ?"

ಅವರಿಗೂ ಗೊತ್ತು, ನನಗೂ ಗೊತ್ತು, ಅದು ಗಿರಾಕಿಗಳು ಕೇಳುವ ಪ್ರಶ್ನೆ. ಅವರು ಗಿರಾಕಿಯಾಗಿಯೇ ನಿಂತಿದ್ದರು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಮನಸ್ಸಿಗೆ ಸರಿ ಬರುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಎಷ್ಟು ವರ್ಷದ ಅಭ್ಯಾಸವೋ, ಬಂದದ್ದು ನಾಯ್ಡು ಕಲಿಸಿದ ಮಾತು.

"ದುಡ್ಡಿದ್ದಿದ್ರೆ ನಾನೇ ತಗೊಳ್ತಿದ್ದೆ."

ಲಲಿತಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ನಲ್ಲಿಯ ಕೆಳಗೆ ಹಿಡಿದರು. "ಈ ಮಾತು ನೀವು ಹೇಳೋದನ್ನ ಎಷ್ಟು ಸಲ ಕೇಳಿದೀನೋ," ಎಂದರು, ಲೋಟ ತೊಳೆಯುತ್ತಾ. "ಯಾವಾಗ್ಲೂ ನಗ್ತಾ ಹೇಳ್ತಿದ್ರಿ." ಅಷ್ಟು ಹೇಳಿ ಕೈ ಒರೆಸಿಕೊಂಡು ಮದುರೆಯ ಮಾಲೀಕರಿಗೆ ಫೋನ್ ಮಾಡಿದರು.

ಗೃಹಪ್ರವೇಶಕ್ಕೆ ನಾನೂ ಶಾರದೆಯೂ ಹೋಗಿದ್ದೆವು. ನಾನು ರೂಢಿಯಂತೆ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂರಲು ಹೊರಟೆ. ಲಲಿತಮ್ಮ ಬಿಡಲಿಲ್ಲ. ಒಳಗೆ ಕರೆದು ಒಲೆಯ ಎದುರಿಗೇ ಕೂರಿಸಿದರು. ನಾನು ಕೊಡಿಸಿದ ಎಷ್ಟೋ ಮನೆಗಳಲ್ಲಿ ನೋಡದಿದ್ದ ಹಾಲುಕ್ಕುವುದನ್ನು ನಾನು ಕೊಡಿಸದ ಮನೆಯಲ್ಲಿ ನೋಡಿದೆ. ಪಾಯಸ ಬಡಿಸುವ ಹೊತ್ತಿಗೆ ಕಡಲ ಗಾಳಿ ಎದ್ದಿತು. ಶಾರದೆ ಕಿಟಕಿಯ ಹತ್ತಿರ ನಿಂತು ಬೇವಿನ ಮರವನ್ನೇ ನೋಡುತ್ತಿದ್ದಳು.

ತಿರುಗಿ ಬರುವಾಗ ಬಸ್ ಸ್ಟಾಪಿನಲ್ಲಿ ಕೇಳಿದಳು, "ಅಷ್ಟೆಲ್ಲ ಹುಡುಕಿದ್ರಲ್ಲ, ಆ ಮನೆಯಲ್ಲಿ ಎಂತ ತಪ್ಪುಂಟು?"

"ಬಚ್ಚಲ ಬಾಗಿಲು ಬಿಗಿ," ಎಂದೆ.

"ಅಷ್ಟೆಯಾ?"

"ಅಷ್ಟೆ."

ಬಸ್ಸು ಬಂತು, ಹತ್ತಿದೆವು. ನಮ್ಮ ಬಾಡಿಗೆ ಮನೆಯ ಬೀಗ ನಾನು ತೆಗೆದೆ, ಶಾರದೆ ಒಳಗೆ ಹೋಗಿ ಕಿಟಕಿ ತೆಗೆದಳು.